ವಿಷಯೆಯ ಕಾಡಿಗೆ: ಪರ್ಯಾಯ ಚರಿತ್ರೆಯ ವಿಮರ್ಶೆಗೆ ದೇವನೂರಿನಿಂದ ಒಂದು ಅಳತೆಗೋಲು

೧

ಇತಿಹಾಸವನ್ನು ಬೋಧಿಸುವವರಾಗಲಿ ಓದುವವರಾಗಲಿ ‘ಹಾಗಾಗಿದ್ದರೆ’ ಎಂಬ ಮಾತಿನಿಂದ ತಪ್ಪಿಸಿಕೊಳ್ಳುವುದು ಕಷ್ಟ. ೧೫೬೫ರ ಯುದ್ಧದಲ್ಲಿ ರಾಮರಾಯನು ಶತ್ರುಗಳ ಕೈಗೆ ಸಿಕ್ಕದಿದ್ದರೆ ವಿಜಯನಗರ ಉಳಿಯುತ್ತಿತ್ತೆ, ೧೭೯೯ರಲ್ಲಿ ಶ್ರೀರಂಗಪಟ್ಟಣದ ಕೋಟೆ ಇನ್ನೊಂದು ತಿಂಗಳು ತಡೆದಿದ್ದರೆ ಮೈಸೂರಿನ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆಗಳನ್ನು ಕೇಳದ ತರಗತಿ ಇಲ್ಲವೆಂದೇ ಹೇಳಬಹುದು. ಈ ಚಪಲ ಹೊಸದಲ್ಲ. ಅಲೆಕ್ಸಾಂಡರನು ಪಶ್ಚಿಮಕ್ಕೆ ತಿರುಗಿ ರೋಮಿನ ಮೇಲೆ ದಂಡೆತ್ತಿದ್ದರೆ ಏನಾಗುತ್ತಿತ್ತೆಂಬುದನ್ನು ರೋಮನ್ ಚರಿತ್ರಕಾರನಾದ ಲಿವಿಯೇ ತನ್ನ ಗ್ರಂಥದ ಒಂಬತ್ತನೆಯ ಭಾಗದಲ್ಲಿ ವಿಸ್ತಾರವಾಗಿ ವಿಚಾರಮಾಡಿದ್ದಾನೆ. ೧೯೩೧ರಲ್ಲಿ ಇಂಗ್ಲೆಂಡಿನ ಜೆ. ಸಿ. ಸ್ಕ್ವೈರ್ ಸಂಪಾದಿಸಿದ ಇಂಥ ಪ್ರಬಂಧಗಳ ಸಂಕಲನದಲ್ಲಿ ವಿನ್‌ಸ್ಟನ್ ಚರ್ಚಿಲ್ಲರ ಬರಹವೂ ಸೇರಿದೆ. ೧೯೬೧ರಲ್ಲಿ ಇ. ಎಚ್. ಕಾರ್ ಅವರು ಈ ಬಗೆಯ ಊಹೆಗಳನ್ನು ಹೊತ್ತು ಕಳೆಯುವ ಆಟವೆಂದು ಬದಿಗೊತ್ತಿದರು. ೧೯೯೭ರಲ್ಲಿ ನೀಲ್ ಫರ್ಗುಸನ್ ಅವರು ಇದರ ಪಕ್ಷವನ್ನು ವಹಿಸಿ, ಅಂದಿನವರೇ ಪರಿಶೀಲಿಸಿ ಬರಹದಲ್ಲಿ ಉಳಿಸಿಹೋದ ಪರ್ಯಾಯಗಳನ್ನು ಮಾತ್ರ ಚರಿತ್ರಕಾರನು ಎತ್ತಿಕೊಳ್ಳಬಹುದೆಂಬ ನಿಯಮವನ್ನು ಮುಂದಿಟ್ಟರು.

ಈ ಜಾತಿಯ ಬರವಣಿಗೆ ಹೇರಳವಾಗಿ ಬೆಳೆದಿರುವ ಕ್ಷೇತ್ರಗಳಲ್ಲಿ ಎರಡನೆಯ ಮಹಾಯುದ್ಧವೂ ಒಂದು. ೧೯೪೧ರ ಡಿಸೆಂಬರಿನಲ್ಲಿ ಪೆಸಿಫಿಕ್ ಯುದ್ಧ ಮೊದಲಾದಾಗ ಅಮೆರಿಕದ ಯುದ್ಧವಿಮಾನಗಳು ಸರಿಯಾಗಿ ಸಿದ್ಧವಾಗಿದ್ದರೆ ಏನಾಗುತ್ತಿತ್ತೆಂಬುದು ಅದರಲ್ಲಿ ಮತ್ತೆಮತ್ತೆ ಕಾಣಿಸಿಕೊಳ್ಳುವ ವಸ್ತು. ಕನ್ನಡಿಗರಿಗೂ ಈ ವಸ್ತುವಿನಲ್ಲಿ ಒಂದು ಪಾಲುಂಟು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅದೇ ವರ್ಷಗಳಲ್ಲಿ ಅಮೆರಿಕದ ಮಾದರಿಯ ಯುದ್ಧವಿಮಾನಗಳ ನಿರ್ಮಾಣಕ್ಕೆ ಕೈಹಾಕಲಾಗಿತ್ತು. ‘ಆ ಕಾರ್ಖಾನೆ ಎರಡು ವರ್ಷ ಮೊದಲೇ ಆಗಿದ್ದರೆ ಬರ್ಮಾ ಬೀಳುತ್ತಿರಲಿಲ್ಲ’ ಎಂಬ ಮಾತು ಕೇಳುವುದಕ್ಕೆ ಹಿತವಾಗಿದೆ. ಆದರೆ ಹಿತವಾದುದೆಲ್ಲ ನಿಜವಾಗಬೇಕಾಗಿಲ್ಲ. ಇಂಥ ಊಹೆಗಳಲ್ಲಿ ಗಟ್ಟಿಯಾವುದು ಜೊಳ್ಳಾವುದು ಎಂಬುದನ್ನು ತಿಳಿಯಲು ನಮ್ಮ ಸಾಹಿತ್ಯದಿಂದಲೇ ಒಂದು ಅಳತೆಗೋಲನ್ನು ಪಡೆಯಬಹುದೆಂಬುದು ಪ್ರಕೃತ ಲೇಖನದ ಪ್ರತಿಪಾದನೆ.

೨

ಆ ಅಳತೆಗೋಲು ದೊರೆಯುವುದು ದೇವನೂರಿನಲ್ಲಿ. ಜೈಮಿನಿ ಭಾರತದ ಕರ್ತೃವಾದ ಲಕ್ಷ್ಮೀಶನು ತನ್ನ ಕಾವ್ಯವನ್ನು ದೇವಪುರದ ಲಕ್ಷ್ಮೀರಮಣನಿಗೆ ಅಂಕಿತಮಾಡಿದ್ದಾನೆ. ಆ ದೇವಪುರವು ಕಡೂರು ತಾಲ್ಲೂಕಿನ ದೇವನೂರೇ ಎಂಬುದು ಬಹುಮಂದಿ ವಿದ್ವಾಂಸರ ಮತ; ಸುರಪುರದ ಪಕ್ಷವನ್ನು ಹಿಡಿದವರೂ ಉಂಟು. ಸ್ಥಳದ ಚರ್ಚೆ ನಮಗೆ ಇಲ್ಲಿ ಪ್ರಸಕ್ತವಲ್ಲ. ನಮಗೆ ಬೇಕಾದುದು ಈ ಕಾವ್ಯದ ಚಂದ್ರಹಾಸೋಪಾಖ್ಯಾನ. ವ್ಯಾಸಭಾರತದಲ್ಲಿ ಈ ಕಥೆ ಇಲ್ಲ. ಜೈಮಿನಿಯ ಹೆಸರಿನಲ್ಲಿ ಬಂದ ಅಶ್ವಮೇಧದ ಕಥೆಯಲ್ಲಿ ಮಾತ್ರ ಇದೆ.

ಕಥೆಯನ್ನು ವಾಚಕರು ಬಲ್ಲರು. ಕುಂತಳದ ಮಂತ್ರಿಯಾದ ದುಷ್ಟಬುದ್ಧಿಯು ಚಂದ್ರಹಾಸನ ಕೈಯಲ್ಲಿಯೇ ಅವನ ಸಾವಿನ ಓಲೆಯನ್ನು ಕೊಟ್ಟು ತನ್ನ ಮಗನಾದ ಮದನನ ಬಳಿಗೆ ಕಳುಹಿಸುತ್ತಾನೆ. ಇವನಿಗೆ ವಿಷವನ್ನು ಕೊಡತಕ್ಕದ್ದೆಂಬುದು ಓಲೆಯ ತಾತ್ಪರ್ಯ. ದಾರಿಯ ಉದ್ಯಾನದಲ್ಲಿ ಮಲಗಿ ನಿದ್ರಿಸುತ್ತಿದ್ದ ಚಂದ್ರಹಾಸನನ್ನು ಮಂತ್ರಿಯ ಮಗಳಾದ ವಿಷಯೆ ಕಾಣುತ್ತಾಳೆ. ಓಲೆಯನ್ನು ಬಿಚ್ಚಿ ಓದುತ್ತಾಳೆ. ತಂದೆ ಕೈತಪ್ಪಿ ಬರೆದಿರಬೇಕೆಂದು ಬಗೆದು, ತನ್ನ ಕಣ್ಣಿನ ಕಾಡಿಗೆಯಿಂದ ಒಂದಕ್ಷರವನ್ನು ತಿದ್ದುತ್ತಾಳೆ. ‘ವಿಷ’ವಿದ್ದೆಡೆ ‘ವಿಷಯೆ’ ಬರುತ್ತಾಳೆ. ಮದನನು ತಂದೆಯ ಆಜ್ಞೆಯೆಂದೇ ತಿಳಿದು ತಂಗಿಯನ್ನು ಚಂದ್ರಹಾಸನಿಗೆ ಮದುವೆಮಾಡಿಕೊಡುತ್ತಾನೆ.

ಪರ್ಯಾಯ ಚರಿತ್ರೆಯನ್ನು ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಇದರಲ್ಲಿ ನಾಲ್ಕು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು, ತಿದ್ದುವ ಕೈ ಆ ಸ್ಥಳದಲ್ಲಿ ಆ ಹೊತ್ತಿಗೆ ನಿಜವಾಗಿಯೂ ಇತ್ತು. ತಿದ್ದುವುದಕ್ಕೆ ಬೇಕಾದ ಸಾಧನ ಅವಳ ಕಣ್ಣಿನಲ್ಲಿಯೇ ಇತ್ತು. ಹೊಸ ಓಲೆಯನ್ನಾಗಲಿ ಲೇಖಣಿಯನ್ನಾಗಲಿ ಕವಿ ಹೊರಗಿನಿಂದ ತರಲಿಲ್ಲ. ಎರಡನೆಯದು, ಒಂದಕ್ಷರ ಬದಲಾದ ಮೇಲೆ ಮಿಕ್ಕುದೆಲ್ಲ ಮೊದಲಿನಂತೆಯೇ ನಡೆಯಿತು: ಮುದ್ರೆ ಅದೇ, ಮದನನ ಪಿತೃಭಕ್ತಿಯೂ ಅದೇ. ಮೂರನೆಯದು, ಎದುರಾಳಿ ಸುಮ್ಮನೆ ಕುಳಿತಿರಲಿಲ್ಲ. ಹಿಂದಿರುಗಿದ ದುಷ್ಟಬುದ್ಧಿಯು ಕಾಳಿಯ ಗುಡಿಯಲ್ಲಿ ಅಳಿಯನನ್ನು ಕೊಲ್ಲಿಸಲು ಹೊಂಚುಹಾಕಿದನು. ಅಲ್ಲಿಗೆ ಚಂದ್ರಹಾಸನ ಬದಲು ಹೋದ ಮದನನು ಹತನಾದನು. ಒಂದು ತಿದ್ದುಪಡಿಯಿಂದ ಒಂದು ಆಪತ್ತು ತಪ್ಪಿದರೆ ಇನ್ನೊಂದು ಆಪತ್ತು ಬೇರೆ ರೂಪದಲ್ಲಿ ಬರುತ್ತದೆಂಬುದನ್ನು ಕವಿ ಮರೆತಿಲ್ಲ. ನಾಲ್ಕನೆಯದು, ವಿಷಯೆಗೆ ತಾನು ಮಾಡುತ್ತಿರುವುದರ ಪೂರ್ಣಾರ್ಥ ತಿಳಿದಿರಲಿಲ್ಲ. ತನಗೆ ತಿಳಿದಷ್ಟರಲ್ಲಿ ಅವಳು ನಡೆದುಕೊಂಡಳು. ಅವಳ ಕೃತ್ಯವನ್ನು ಅವಳ ತಿಳಿವಿನ ಮಿತಿಯಲ್ಲಿಯೇ ಅಳೆಯಬೇಕು.

ಅದೇ ಕಾವ್ಯದಲ್ಲಿ ಇನ್ನೊಂದು ಬಗೆಯ ಬದಲಾವಣೆಯೂ ಇದೆ. ಬಭ್ರುವಾಹನನಿಂದ ಹತನಾದ ಅರ್ಜುನನನ್ನು ನಾಗಲೋಕದಿಂದ ತಂದ ಸಂಜೀವಕ ಮಣಿ ಬದುಕಿಸುತ್ತದೆ. ಕಾವ್ಯಕ್ಕೆ ಅದು ಭೂಷಣ. ಚರಿತ್ರೆಯ ಊಹೆಗೆ ಅದೇ ದೋಷ. ಆದುದರಿಂದ ನಮ್ಮ ಮುಂದಿರುವ ಯಾವ ‘ಹಾಗಾಗಿದ್ದರೆ’ಯನ್ನಾದರೂ ಕಂಡಾಗ, ಇದು ವಿಷಯೆಯ ಕಾಡಿಗೆಯೋ ಬಭ್ರುವಾಹನನ ಮಣಿಯೋ ಎಂದು ಕೇಳಿಕೊಳ್ಳುವುದು ಯುಕ್ತ. ಫರ್ಗುಸನ್ ಅವರ ನಿಯಮ ಈ ನಾಲ್ಕು ಅಂಶಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ಮುಟ್ಟುತ್ತದೆ. ಎದುರಾಳಿಯ ಮಾತನ್ನು ಅದು ಅಷ್ಟಾಗಿ ಲೆಕ್ಕಕ್ಕೆ ತರುವುದಿಲ್ಲ.

೩

ಈಗ ಅಮೆರಿಕದ ಯುದ್ಧವಿಮಾನಗಳ ವಿಷಯವನ್ನು ನೋಡೋಣ. ಪರ್ಯಾಯ ಚರಿತ್ರೆಯವರು ಇಲ್ಲಿ ಕಲ್ಪಿಸುವ ಬದಲಾವಣೆಗಳು ಮುಖ್ಯವಾಗಿ ಎರಡು ವರ್ಗಕ್ಕೆ ಸೇರುತ್ತವೆ: ಉತ್ತಮವಾದ ವಿಮಾನ ಮೊದಲೇ ಬಂದಿದ್ದರೆ ಎಂಬುದು ಒಂದು, ಇದ್ದ ವಿಮಾನವೇ ಸಿದ್ಧವಾಗಿದ್ದರೆ ಎಂಬುದು ಇನ್ನೊಂದು.

ಮೊದಲನೆಯ ವರ್ಗಕ್ಕೆ ಆಧಾರಗಳಿಲ್ಲದೆ ಇಲ್ಲ. ಕರ್ಟಿಸ್ ಕಂಪನಿಯ ಹಾಕ್ ವಿಮಾನವನ್ನು ಅಮೆರಿಕದ ಸೈನ್ಯವು ೧೯೩೭ರಲ್ಲಿ ಪಿ-೩೬ ಎಂಬ ಹೆಸರಿನಿಂದ ೨೧೦ರ ಸಂಖ್ಯೆಯಲ್ಲಿ ಬೇಡಿತು. ಅವುಗಳಲ್ಲಿ ಹತ್ತನೆಯದಕ್ಕೆ ಆಲಿಸನ್ ಎಂಜಿನ್ನನ್ನು ಅಳವಡಿಸಿದಾಗ ಪಿ-೪೦ ಹುಟ್ಟಿತು. ೧೯೩೮ರ ಅಕ್ಟೋಬರಿನಲ್ಲಿ ಅದು ಮೊದಲ ಬಾರಿಗೆ ಹಾರಿತು. ಸುಮಾರು ಹದಿನೈದು ಸಾವಿರ ಅಡಿಗಳಿಗಿಂತ ಮೇಲೆ ಆ ಎಂಜಿನ್ನಿನ ಬಲ ಕುಗ್ಗುತ್ತಿತ್ತು. ತೆಳುವಾದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಉಣಿಸುವ ಟರ್ಬೊ ಸೂಪರ್‌ಚಾರ್ಜರ್ ಎಂಬ ಯಂತ್ರ ಅಮೆರಿಕದಲ್ಲಿ ಆಗಲೇ ಇತ್ತು. ಆದರೆ ಪಿ-೩೯ ವಿಮಾನದಿಂದ ಅದನ್ನು ೧೯೩೯ರಲ್ಲಿ ತೆಗೆದುಹಾಕಲಾಯಿತು. ಆ ಯಂತ್ರವನ್ನು ಉಳ್ಳ ಪಿ-೩೮ ವಿಮಾನವು ೧೯೩೯ರ ಜನವರಿ ೨೭ರಂದು ಮೊದಲು ಹಾರಿ, ದೇಶವನ್ನು ಅಡ್ಡಹಾಯುವ ವೇಗದ ಯಾನದ ಕೊನೆಯಲ್ಲಿ ಫೆಬ್ರವರಿ ೧೧ರಂದು ನ್ಯೂಯಾರ್ಕಿನ ಬಳಿ ನೆಲಕ್ಕೆ ಬಿದ್ದು ನಾಶವಾಯಿತು. ಹದಿನೈದೇ ದಿನಗಳ ಬಾಳು.

ಆ ಒಂದು ಯಾನವನ್ನು ಮಾಡಿಸದಿದ್ದರೆ ಎಂಬ ಊಹೆ ವಿಷಯೆಯ ಕಾಡಿಗೆಯ ಜಾತಿಗೆ ಸೇರಿದ್ದು. ಒಬ್ಬ ಅಧಿಕಾರಿ ಬೇಡವೆಂದಿದ್ದರೆ ಸಾಕಾಗಿತ್ತು. ಆದರೆ ಫಲವೇನು? ಅಪಘಾತವಾಗಿಯೂ ಮುಂದಿನ ಹದಿಮೂರು ವಿಮಾನಗಳ ಆದೇಶ ಕೆಲವೇ ವಾರಗಳಲ್ಲಿ ಬಂದಿತು. ಅವುಗಳಲ್ಲಿ ಮೊದಲನೆಯದು ಹಾರಿದ್ದು ೧೯೪೦ರ ಸೆಪ್ಟೆಂಬರಿನಲ್ಲಿ. ತಡವಾದುದಕ್ಕೆ ಕಾರಣ ಒಂದು ವಿಮಾನದ ನಾಶಕ್ಕಿಂತ ಹೆಚ್ಚಾಗಿ ಕಾರ್ಖಾನೆಯ ಅನುಭವದ ಕೊರತೆ. ಪರೀಕ್ಷೆಗೆ ಕೆಲವು ತಿಂಗಳು ಲಾಭವಾಗುತ್ತಿತ್ತೇ ಹೊರತು ಹವಾಯಿಗೆ ವಿಮಾನಪಂಕ್ತಿಗಳು ಬರುತ್ತಿರಲಿಲ್ಲ. ಇನ್ನು ೧೯೪೦ರ ಅಕ್ಟೋಬರಿನಲ್ಲಷ್ಟೇ ಮೊದಲು ಹಾರಿದ ಮಸ್ಟಾಂಗ್, ೧೯೪೧ರ ಮೇ ತಿಂಗಳಿನಲ್ಲಿ ಹಾರಿದ ಪಿ-೪೭ ಮೊದಲಾದವುಗಳನ್ನು ಅದೇ ಡಿಸೆಂಬರಿನ ಹವಾಯಿಯಲ್ಲಿ ತಂದು ನಿಲ್ಲಿಸುವ ಕಥೆಗಳನ್ನು ಸಂಜೀವಕ ಮಣಿಯ ಪಕ್ಕದಲ್ಲಿಯೇ ಇಡಬೇಕು.

ಇದಕ್ಕಿಂತ ದೊಡ್ಡ ಆಕ್ಷೇಪಣೆ ಮತ್ತೊಂದಿದೆ. ೧೯೪೧ರ ಡಿಸೆಂಬರ್ ೭ರಂದು ಹವಾಯಿಯಲ್ಲಿ ಸುಮಾರು ನೂರು ಪಿ-೪೦ ವಿಮಾನಗಳಿದ್ದವು. ಜಪಾನಿನ ೩೫೩ ವಿಮಾನಗಳು ಎರಡು ಅಲೆಗಳಾಗಿ ಬಂದು ಅಂದು ನಾಶಮಾಡಿದ ಅಮೆರಿಕದ ವಿಮಾನಗಳ ಸಂಖ್ಯೆ ೧೮೮. ಅವುಗಳಲ್ಲಿ ಬಹುಪಾಲು ನೆಲದ ಮೇಲೆಯೇ ಸುಟ್ಟುಹೋದುವು. ನೆಲದ ಮೇಲೆ ಉರಿಯುವ ವಿಮಾನಕ್ಕೆ ಮೂವತ್ತು ಸಾವಿರ ಅಡಿಯ ಎತ್ತರದಲ್ಲಿ ಹಾರುವ ಶಕ್ತಿ ಇದ್ದರೆ ಬಂದ ಪ್ರಯೋಜನವೇನು? ಉತ್ತಮ ವಿಮಾನದ ಊಹೆಯನ್ನು ಮಾಡುವವರು ಈ ಸರಳವಾದ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಪರೂಪ.

ಆದುದರಿಂದ ಎರಡನೆಯ ವರ್ಗದ ಊಹೆಗಳೇ ನಮ್ಮ ಗಮನಕ್ಕೆ ಅರ್ಹವಾದುವು. ದ್ರೋಹಿಗಳು ಒಳಗಿನಿಂದ ಹಾನಿಮಾಡಿಯಾರೆಂಬ ಭಯದಿಂದ ವಿಮಾನಗಳನ್ನು ರೆಕ್ಕೆಗೆ ರೆಕ್ಕೆ ತಾಗುವಂತೆ ಸಾಲಾಗಿ ನಿಲ್ಲಿಸಲಾಗಿತ್ತು. ಹಾರಲು ನಾಲ್ಕು ಗಂಟೆಯ ಮುನ್ಸೂಚನೆ ಬೇಕೆಂಬ ಸ್ಥಿತಿಯಲ್ಲಿ ಅವು ಇದ್ದವು. ಅಂದು ಬೆಳಗ್ಗೆ ೭ ಗಂಟೆ ೨ ನಿಮಿಷಕ್ಕೆ ಒಪಾನಾ ಎಂಬಲ್ಲಿಯ ರೇಡಾರ್ ಕೇಂದ್ರದ ಇಬ್ಬರು ಸೈನಿಕರು ಬರುತ್ತಿದ್ದ ವಿಮಾನಗಳನ್ನು ಕಂಡು ದೂರವಾಣಿಯಲ್ಲಿ ತಿಳಿಸಿದರು. ಕ್ಯಾಲಿಫೋರ್ನಿಯದಿಂದ ಬಿ-೧೭ ಬಾಂಬು ವಿಮಾನಗಳು ಬರಬೇಕಾಗಿದ್ದುದರಿಂದ ಅವೇ ಇರಬೇಕೆಂದು ಬಗೆದ ಕಿರಿಯ ಅಧಿಕಾರಿಯೊಬ್ಬನು ಚಿಂತೆ ಬೇಡವೆಂದನು. ಬಾಂಬುಗಳು ಬೀಳಲು ಇನ್ನೂ ಮುಕ್ಕಾಲು ಗಂಟೆಗೂ ಮಿಕ್ಕು ಕಾಲವಿತ್ತು.

ಇದು ನಿಜವಾದ ಒಂದಕ್ಷರದ ಅಂತರ. ಕೈಯೂ ಇತ್ತು, ಕಾಡಿಗೆಯೂ ಇತ್ತು, ತಿದ್ದಲಿಲ್ಲ. ಆದರೆ ಮಿಕ್ಕ ಓಲೆಯನ್ನೂ ಓದಬೇಕು. ನಾಲ್ಕು ಗಂಟೆಯ ಮುನ್ಸೂಚನೆ ಬೇಡುವ ವಿಮಾನಗಳು ಮುಕ್ಕಾಲು ಗಂಟೆಯಲ್ಲಿ ಎಷ್ಟು ಮೇಲೇಳುತ್ತಿದ್ದುವು? ಹಾಲೆಈವಾ ಎಂಬ ಚಿಕ್ಕ ನಿಲ್ದಾಣದಲ್ಲಿ ಬೇರೆಯಾಗಿ ಇಟ್ಟಿದ್ದ ಪಿ-೪೦ಗಳನ್ನು ಏರಿ ವೆಲ್ಷ್ ಮತ್ತು ಟೇಲರ್ ಎಂಬ ಇಬ್ಬರು ಲೆಫ್ಟಿನೆಂಟರು ದಾಳಿಯ ನಡುವೆಯೇ ಹಾರಿ ಶತ್ರುವಿಮಾನಗಳನ್ನು ಕೆಡವಿದರೆಂಬುದು ಚರಿತ್ರೆ. ಇಂಥವರು ಹತ್ತಾರು ಮಂದಿಯಾಗಬಹುದಾಗಿತ್ತೆಂಬುದು ಸಾಧುವಾದ ಊಹೆ. ದಾಳಿಯೇ ಮುರಿಯುತ್ತಿತ್ತೆಂಬುದು ಅತಿಯಾದ ಊಹೆ. ಇನ್ನು ದುಷ್ಟಬುದ್ಧಿಯ ಮಾತು: ಎಚ್ಚರಿಕೆ ಬಹಳ ಮೊದಲೇ ದೊರೆತು ನೌಕಾಪಡೆ ಬಂದರನ್ನು ಬಿಟ್ಟು ಹೊರಟಿದ್ದರೆ, ಆರು ವಿಮಾನವಾಹಕ ನೌಕೆಗಳನ್ನುಳ್ಳ ಶತ್ರುವು ಅದನ್ನು ಆಳವಾದ ಕಡಲಿನಲ್ಲಿ ಮುಳುಗಿಸುತ್ತಿದ್ದನೆಂದೂ ಆಗ ಹಡಗುಗಳನ್ನು ಮೇಲೆತ್ತುವ ಆಸೆಯೂ ಇರುತ್ತಿರಲಿಲ್ಲವೆಂದೂ ಅನಂತರ ಆ ನೌಕಾಪಡೆಯ ಅಧಿಪತಿಯಾದ ನಿಮಿಟ್ಸ್ ಅವರೇ ಅಭಿಪ್ರಾಯಪಟ್ಟಿದ್ದರು.

ಫಿಲಿಪೈನ್ಸಿನ ಘಟನೆ ಇನ್ನೂ ಬೋಧಪ್ರದವಾಗಿದೆ. ಹವಾಯಿಯ ಸುದ್ದಿ ಬಂದು ಸುಮಾರು ಒಂಬತ್ತು ಗಂಟೆಗಳಾದ ಮೇಲೂ ಕ್ಲಾರ್ಕ್ ನಿಲ್ದಾಣದ ವಿಮಾನಗಳು ನೆಲದ ಮೇಲೆಯೇ ಸಿಕ್ಕಿಬಿದ್ದುವು. ಅಲ್ಲಿದ್ದ ೩೫ ಬಿ-೧೭ ವಿಮಾನಗಳಲ್ಲಿ ಸುಮಾರು ಅರ್ಧದಷ್ಟನ್ನು ಮೊದಲೇ ದಕ್ಷಿಣದ ಡೆಲ್ ಮಾಂಟೆಗೆ ಕಳುಹಿಸಿದ್ದರು. ಅವು ಅಂದು ಉಳಿದುವು. ಅದೇ ವಿಮಾನ, ಅದೇ ಸೈನ್ಯ, ಅದೇ ದಿನ; ನಿಂತ ಸ್ಥಳ ಮಾತ್ರ ಬೇರೆ. ಪರ್ಯಾಯವನ್ನು ಊಹಿಸುವ ಶ್ರಮವನ್ನೇ ಚರಿತ್ರೆ ಇಲ್ಲಿ ತಪ್ಪಿಸಿದೆ. ಇಂಥದೇ ಇನ್ನೊಂದು ನಿದರ್ಶನ ಚೆನಾಲ್ಟ್ ಅವರ ಸ್ವಯಂಸೇವಕ ವಿಮಾನದಳದ್ದು. ಬ್ರಿಟಿಷರಿಗೆಂದು ಗೊತ್ತಾಗಿದ್ದ ಸುಮಾರು ನೂರು ಪಿ-೪೦ಗಳನ್ನು ಪಡೆದು ಬರ್ಮಾದ ಟೌಂಗೂವಿನಲ್ಲಿ ಈ ದಳ ಅಭ್ಯಾಸಮಾಡಿತು. ಎತ್ತರದಿಂದ ಎರಗಿ ಹೊಡೆದು ದೂರ ಸರಿಯಬೇಕೆಂದೂ ಜಪಾನೀಯರೊಡನೆ ಸುತ್ತಿ ಸುತ್ತಿ ಕಾದಬಾರದೆಂದೂ ಅವರಿಗೆ ಕಲಿಸಲಾಗಿತ್ತು. ೧೯೪೧ರ ಡಿಸೆಂಬರ್ ೨೦ರಂದು ಕುನ್ಮಿಂಗಿನ ಮೇಲೆಯೂ ೨೩ರಿಂದ ರಂಗೂನಿನ ಮೇಲೆಯೂ ಕಾದಿ ಅವರು ಜಯಗಳನ್ನು ಪಡೆದರು. ಹವಾಯಿಯಲ್ಲಿ ಕೆಲಸಕ್ಕೆ ಬಾರದೆ ಹೋದ ವಿಮಾನವೇ ಇಲ್ಲಿ ಕೆಲಸಕ್ಕೆ ಬಂದಿತು. ಹಾಗಿದ್ದೂ ೧೯೪೨ರ ಮಾರ್ಚಿಯಲ್ಲಿ ರಂಗೂನು ಬಿದ್ದಿತು ಎಂಬುದನ್ನೂ ಕೂಡಲೇ ಹೇಳಬೇಕು. ನೆಲದ ಮೇಲಿನ ಸೋಲನ್ನು ನೂರು ವಿಮಾನಗಳು ತಡೆಯಲಾರವು.

೪

ರಂಗೂನಿನಿಂದ ಬೆಂಗಳೂರಿಗೆ ಬರುವುದಕ್ಕೆ ದಾರಿ ದೂರವಿಲ್ಲ. ಚೆನಾಲ್ಟರ ದಳಕ್ಕೆ ವಿಮಾನಗಳನ್ನು ಜೋಡಿಸಿಕೊಟ್ಟ ಸಂಸ್ಥೆಯ ಹಿಂದಿದ್ದ ವಿಲಿಯಂ ಪಾಲೆ ಎಂಬ ಅಮೆರಿಕದ ಉದ್ಯಮಿಯೇ ವಾಲಚಂದ್ ಹೀರಾಚಂದರೊಡಗೂಡಿ ಬೆಂಗಳೂರಿನ ಕಾರ್ಖಾನೆಯನ್ನು ಸಜ್ಜುಗೊಳಿಸಿದವನು. ಅವರಿಬ್ಬರ ಪರಿಚಯವಾದುದು ೧೯೩೯ರಲ್ಲಿ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಆಡಳಿತದಲ್ಲಿ ಮೈಸೂರು ಸಂಸ್ಥಾನವು ಸುಮಾರು ೭೦೦ ಎಕರೆ ನೆಲವನ್ನೂ ೨೫ ಲಕ್ಷ ರೂಪಾಯಿಗಳ ಬಂಡವಾಳವನ್ನೂ ಒದಗಿಸಿತು. ಕಂಪನಿ ನೋಂದಣಿಯಾದುದು ೧೯೪೦ರ ಡಿಸೆಂಬರ್ ೨೩ರಂದು. ೧೯೪೧ರ ಏಪ್ರಿಲಿನಲ್ಲಿ ಭಾರತ ಸರ್ಕಾರವು ೪೮ ಹಾಕ್ ಯುದ್ಧವಿಮಾನಗಳ ಆದೇಶವನ್ನು ಕೊಟ್ಟಿತು. ಈ ಹಾಕ್ ಮೇಲೆ ಹೇಳಿದ ಪಿ-೩೬ರ ಒಡಹುಟ್ಟು, ಪಿ-೪೦ಕ್ಕೆ ಅಣ್ಣನೆನ್ನಬಹುದು. ಬೆಂಗಳೂರಿನ ಮೊದಲನೆಯ ಹಾಕ್ ೧೯೪೨ರ ಜುಲೈ ೩೧ರಂದು ಹಾರಿತು. ಮತ್ತೆ ನಾಲ್ಕು ಪೂರ್ಣವಾದ ಮೇಲೆ ಆ ಯೋಜನೆಯನ್ನು ಕೈಬಿಡಲಾಯಿತು. ನಲವತ್ತೆಂಟು ಬೇಡಿ ಐದು ಪಡೆದ ಕಥೆ ಇದು.

‘ಎರಡು ವರ್ಷ ಮೊದಲೇ ಆಗಿದ್ದರೆ’ ಎಂಬ ಊಹೆಯನ್ನು ಮೊದಲು ಒರೆಗೆ ಹಚ್ಚೋಣ. ೧೯೩೮ರ ಕೊನೆಯಲ್ಲಿ ಇಂಥ ಕಾರ್ಖಾನೆಯನ್ನು ನೋಂದಾಯಿಸುವುದಕ್ಕೆ ಬಂಡವಾಳಗಾರನಿಗೂ ತಜ್ಞನಿಗೂ ಇನ್ನೂ ಭೇಟಿಯೇ ಆಗಿರಲಿಲ್ಲ. ತಿದ್ದುವ ಕೈ ಉದ್ಯಾನಕ್ಕೆ ಬಂದೇ ಇಲ್ಲ. ಎರಡು ವರ್ಷವೆಂಬುದು ಮಣಿಯ ಜಾತಿ. ಆದರೆ ಭೇಟಿಯಾದ ಮೇಲೆ ಪತ್ರವ್ಯವಹಾರದಲ್ಲಿಯೂ ಒಪ್ಪಿಗೆಗಳಲ್ಲಿಯೂ ಕಳೆದ ಕಾಲವನ್ನು ಆರು ತಿಂಗಳಷ್ಟು ಮೊಟಕುಮಾಡಬಹುದಾಗಿತ್ತೆಂಬುದು ಕಾಡಿಗೆಯ ಜಾತಿ. ಅದನ್ನು ಮಾಡಬಲ್ಲ ಅಧಿಕಾರಿಗಳು ದಿಲ್ಲಿಯಲ್ಲಿಯೂ ಲಂಡನ್ನಿನಲ್ಲಿಯೂ ಇದ್ದರು. ಇದರಿಂದ ಒಂದು ಗಣನೀಯವಾದ ಲಾಭವೂ ಉಂಟಾಗುತ್ತಿತ್ತು: ೧೯೪೦ರ ಜುಲೈ ಕಾನೂನಿನಿಂದ ಅಮೆರಿಕವು ಯಂತ್ರೋಪಕರಣಗಳ ರಫ್ತನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಮೊದಲೇ ಕೆಲವನ್ನಾದರೂ ಸಾಗಿಸಬಹುದಾಗಿತ್ತು.

ಫಲವನ್ನು ಲೆಕ್ಕಹಾಕೋಣ. ಆದೇಶದಿಂದ ಮೊದಲ ಹಾರಾಟದವರೆಗೆ ಹಿಡಿದ ಕಾಲ ಸುಮಾರು ಹದಿನೈದು ತಿಂಗಳು. ಆರು ತಿಂಗಳು ಮೊದಲಾಗಿದ್ದರೆ ಮೊದಲನೆಯ ಹಾಕ್ ೧೯೪೨ರ ಜನವರಿಯ ಕೊನೆಯಲ್ಲಿ ಹಾರುತ್ತಿತ್ತು. ರಂಗೂನು ಬೀಳುವುದಕ್ಕೆ ಆಗ ಉಳಿದಿರುತ್ತಿದ್ದ ಕಾಲ ಆರು ವಾರವೂ ಇಲ್ಲ. ಇನ್ನು ಮಿಕ್ಕ ಓಲೆ. ಎಂಜಿನ್ನು ಬರಬೇಕಾದುದು ಅಮೆರಿಕದಿಂದ. ವಿಮಾನದ ಮೈಗೆ ಬೇಕಾದುದು ಅಲ್ಯುಮಿನಿಯಂ. ದೇವನೂರಿಗೆ ದೂರವಲ್ಲದ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯಲ್ಲಿ ಕಬ್ಬಿಣವಾಗುತ್ತಿದ್ದುದು ನಿಜ. ಆದರೆ ತಿರುವಾಂಕೂರಿನ ಅಲುಪುರಂನಲ್ಲಿ ಅಲ್ಯುಮಿನಿಯಂ ಕರಗಿಸುವ ಕಾರ್ಖಾನೆ ಪ್ರಾರಂಭವಾದುದು ೧೯೪೩ರಲ್ಲಿ. ಅಲ್ಲದೆ ಸಿದ್ಧವಾದ ವಿಮಾನ ಎಲ್ಲಿಗೆ ಹೋಗಬೇಕೆಂಬುದನ್ನು ನಿಶ್ಚಯಿಸುವ ಅಧಿಕಾರ ಬೆಂಗಳೂರಿಗೆ ಇರಲಿಲ್ಲ. ಬರ್ಮಾಕ್ಕಿಂತ ಪಶ್ಚಿಮದ ರಣರಂಗಗಳನ್ನೇ ಮುಖ್ಯವೆಂದು ಬಗೆದಿದ್ದ ಅಧಿಕಾರವು ಅವುಗಳನ್ನು ಪಶ್ಚಿಮಕ್ಕೇ ಕಳುಹಿಸುವುದು ಸಂಭವನೀಯವಾಗಿತ್ತು. ಆದುದರಿಂದ ಬರ್ಮಾ ಉಳಿಯುತ್ತಿತ್ತೆಂಬ ಊಹೆ ನಿಲ್ಲುವುದಿಲ್ಲ.

ಆದರೆ ವಿಚಾರ ಇಲ್ಲಿಗೆ ಮುಗಿಯಲಿಲ್ಲ. ಇದೇ ಕಥೆಯಲ್ಲಿ ಬೇರೊಂದು ಅಕ್ಷರವಿದೆ. ೧೯೪೨ರ ಏಪ್ರಿಲಿನಲ್ಲಿ ಭಾರತ ಸರ್ಕಾರವು ವಾಲಚಂದರ ಪಾಲನ್ನು ಕೊಂಡುಕೊಂಡಿತು. ಮೈಸೂರು ತನ್ನ ಪಾಲನ್ನು ಮಾರದೆ ಆಡಳಿತವನ್ನು ಮಾತ್ರ ಬಿಟ್ಟುಕೊಟ್ಟಿತು. ಅದೇ ತಿಂಗಳ ೬ರಂದು ವಿಶಾಖಪಟ್ಟಣ ಕಾಕಿನಾಡಗಳ ಮೇಲೆ ಜಪಾನೀ ಬಾಂಬುಗಳು ಬಿದ್ದುವು. ೧೯೪೩ರಲ್ಲಿ ಕಾರ್ಖಾನೆ ಅಮೆರಿಕದ ಸೈನ್ಯದ ವಿಮಾನದಳದ ವಶಕ್ಕೆ ಬಂದು ದೊಡ್ಡ ದುರಸ್ತಿ ಕೇಂದ್ರವಾಯಿತು. ನಿರ್ಮಾಣವನ್ನು ನಿಲ್ಲಿಸಿ ದುರಸ್ತಿಯನ್ನು ಹಿಡಿದುದು ಒಂದು ನಿರ್ಣಯ, ಬೇರೆಯದನ್ನು ಮಾಡಬಹುದಾಗಿತ್ತು. ಐದರ ಬದಲು ನಲವತ್ತೆಂಟನ್ನೂ ಮುಗಿಸಿದ್ದರೆ ಯುದ್ಧದ ಗತಿ ಬದಲಾಗುತ್ತಿರಲಿಲ್ಲ, ಏಕೆಂದರೆ ಆ ವೇಳೆಗೆ ಹಾಕ್ ಹಳೆಯ ಮಾದರಿ. ಆದರೆ ವಿಮಾನವನ್ನು ಬರಿಯ ತಗಡಿನಿಂದ ಕೊನೆಯವರೆಗೆ ಕಟ್ಟುವ ಅನುಭವ ಇಲ್ಲಿಯ ಕೆಲಸಗಾರರಿಗೆ ಆಗಲೇ ದೊರೆಯುತ್ತಿತ್ತು. ಇನ್ನೊಂದು ಕಡೆ, ಬಗೆಬಗೆಯ ಅಮೆರಿಕದ ವಿಮಾನಗಳನ್ನು ಬಿಚ್ಚಿ ಜೋಡಿಸಿದ ಕೈಗಳು ಆ ದುರಸ್ತಿಯಲ್ಲಿಯೇ ಪಳಗಿದುವು. ಘಾಟಗೆಯವರ ನಾಯಕತ್ವದಲ್ಲಿ ರೂಪುಗೊಂಡ ಎಚ್‌ಟಿ-೨ ಶಿಕ್ಷಣವಿಮಾನ ೧೯೫೧ರಲ್ಲಿ ಹಾರಿದಾಗ ಆ ಕೈಗಳ ಪಳಗಿಕೆ ನೆರವಿಗೆ ಬಂದಿರಬೇಕೆಂದು ಧಾರಾಳವಾಗಿ ಹೇಳಬಹುದು. ಈ ಎರಡರಲ್ಲಿ ಯಾವುದು ಹೆಚ್ಚಿನ ಲಾಭ ಎಂಬುದೇ ಬೆಂಗಳೂರಿನ ವಿಷಯದಲ್ಲಿ ಕೇಳತಕ್ಕ ಪ್ರಶ್ನೆ. ಇದಕ್ಕೆ ಕಾರ್ಖಾನೆಯ ಚರಿತ್ರೆಯಿಂದ ಉತ್ತರವನ್ನು ಹುಡುಕಬಹುದು. ಬರ್ಮಾದ ಕನಸಿಗೆ ಅಂಥ ಉತ್ತರವಿಲ್ಲ.

೫

ಕಾವ್ಯದ ಒಂದು ಪ್ರಸಂಗದಿಂದ ಚರಿತ್ರೆಗೆ ನಿಯಮವನ್ನು ತೆಗೆಯುವುದು ಸರಿಯೆ ಎಂಬ ಆಕ್ಷೇಪಣೆ ಬರಬಹುದು. ಚಂದ್ರಹಾಸನನ್ನು ಕಾಪಾಡಿದುದು ಕಾಡಿಗೆಯಲ್ಲ, ಹರಿಯ ಕರುಣೆಯೆಂಬುದು ಕವಿಯ ನಿಲುವು; ಕಥೆಯ ಕೊನೆಯಲ್ಲಿ ಮದನನೂ ದುಷ್ಟಬುದ್ಧಿಯೂ ಕಾಳಿಯ ಅನುಗ್ರಹದಿಂದ ಮತ್ತೆ ಜೀವಿಸುತ್ತಾರೆ. ಇದನ್ನು ಒಪ್ಪಬೇಕು. ಆದರೂ ಲಕ್ಷ್ಮೀಶನು ಆ ಕರುಣೆ ಕೆಲಸಮಾಡುವುದಕ್ಕೆ ಆರಿಸಿಕೊಂಡ ದಾರಿ ಒಂದು ಹುಡುಗಿ, ಒಂದು ಓಲೆ, ಒಂದಕ್ಷರ. ಸಂಭಾವ್ಯತೆಯ ಅರಿವು ಇಲ್ಲದ ಕವಿಗೆ ಇದು ಹೊಳೆಯುತ್ತಿರಲಿಲ್ಲ. ನಾವು ಎರವಲು ಪಡೆಯುವುದು ಆ ಅರಿವನ್ನು ಮಾತ್ರ.

ಈ ಪರೀಕ್ಷೆಯ ಪ್ರಯೋಜನ ಬರಿಯ ಪಾಂಡಿತ್ಯದ್ದಲ್ಲ. ಪ್ರತಿಯೊಂದು ‘ಹಾಗಾಗಿದ್ದರೆ’ಯ ಒಳಗೂ ಹೊಣೆಗಾರಿಕೆಯ ತೀರ್ಪೊಂದು ಅಡಗಿರುತ್ತದೆ. ವಿಮಾನವೇ ಹೀನವಾಗಿತ್ತೆಂದರೆ ತಪ್ಪು ಯಾರದೂ ಆಗುವುದಿಲ್ಲ. ವಿಮಾನವಿದ್ದೂ ಸಾಲಾಗಿ ನಿಲ್ಲಿಸಿದ್ದರೆಂದರೆ ತಪ್ಪಿಗೆ ಒಡೆಯರು ಏರ್ಪಡುತ್ತಾರೆ. ದೂರವಾಣಿಯ ಕಡೆಯಿದ್ದ ಕಿರಿಯ ಅಧಿಕಾರಿಯೊಬ್ಬನ ಮೇಲೆಯೇ ಎಲ್ಲವನ್ನೂ ಹೊರಿಸಿದರೆ, ಸಿಬ್ಬಂದಿಯಿಲ್ಲದ ಕೇಂದ್ರದಲ್ಲಿ ಅನುಭವವಿಲ್ಲದ ಅವನನ್ನು ಕೂರಿಸಿದವರು ಪಾರಾಗುತ್ತಾರೆ. ಬರ್ಮಾವನ್ನು ಬೆಂಗಳೂರು ಉಳಿಸುತ್ತಿತ್ತೆಂದು ನಂಬಿದರೆ, ಆ ನಾಡಿನ ರಕ್ಷಣೆಯನ್ನು ಅಲಕ್ಷಿಸಿದ ಸಾಮ್ರಾಜ್ಯದ ಹೊಣೆಯನ್ನು ಒಂದು ಕಾರ್ಖಾನೆಯ ಕಾಗದಪತ್ರದ ವಿಳಂಬಕ್ಕೆ ಇಳಿಸಿದಂತಾಗುತ್ತದೆ. ಬರ್ಮಾದಿಂದ ಕಾಲ್ನಡಿಗೆಯಲ್ಲಿ ಹೊರಟು ದಾರಿಯಲ್ಲಿ ಮಡಿದ ಸಾವಿರಾರು ಭಾರತೀಯರ ಲೆಕ್ಕವನ್ನು ಅಷ್ಟು ಸುಲಭವಾಗಿ ಮುಗಿಸುವುದು ಚರಿತ್ರಕಾರನಿಗೆ ಶೋಭಿಸುವುದಿಲ್ಲ.

ಹೀಗೆಂದು ವಿದ್ಯಾರ್ಥಿಗಳ ಬಾಯಿಂದ ‘ಹಾಗಾಗಿದ್ದರೆ’ಯನ್ನು ಕಿತ್ತುಹಾಕಬೇಕಾಗಿಲ್ಲ. ಕಾರಣವೆಂಬುದರ ಅರ್ಥವನ್ನು ಕಲಿಸಲು ಅದಕ್ಕಿಂತ ಸುಲಭವಾದ ಸಾಧನವಿಲ್ಲ. ಯಾರ ಕೈ, ಯಾವ ಕಾಡಿಗೆ, ಯಾವ ಅಕ್ಷರ, ತಿದ್ದಿದ ಮೇಲೆ ಎದುರಾಳಿ ಏನು ಮಾಡುತ್ತಿದ್ದನು, ತಿದ್ದಿದವನಿಗೆ ಆಗ ತಿಳಿದಿದ್ದುದೆಷ್ಟು ಎಂಬ ಪ್ರಶ್ನೆಗಳನ್ನು ಅದರ ಜೊತೆಯಲ್ಲಿಯೇ ಕೇಳಿಸಿದರೆ ಸಾಕು. ದೇವನೂರಿನ ಕವಿಯನ್ನು ಅಲಂಕಾರಗಳಿಗಾಗಿಯೂ ವಾರ್ಧಕ ಷಟ್ಪದಿಯ ನಾದಕ್ಕಾಗಿಯೂ ಪಾಠಹೇಳುವ ಅಧ್ಯಾಪಕರು, ಪಕ್ಕದ ಕೊಠಡಿಯಲ್ಲಿ ಇತಿಹಾಸವನ್ನು ಹೇಳುವ ತಮ್ಮ ಸಹೋದ್ಯೋಗಿಗಳಿಗೆ ಆ ಓಲೆಯ ಪ್ರಸಂಗವನ್ನು ಒಮ್ಮೆ ಓದಿ ತೋರಿಸಬೇಕೆಂದು ಈ ಲೇಖಕನ ವಿಜ್ಞಾಪನೆ.